ಹಳ್ಳಿಗೆ ಹೋದ ಎಳೆಯ ವೈದ್ಯರು

ಕೋವಿಡ್ ಕಾಲದಲ್ಲಿ ವೈದ್ಯಕೀಯ, ನರ್ಸಿಂಗ್ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಕಲಿತದ್ದೇನು? ಅವರನ್ನು ಅಲ್ಲಿಗೆ ಕಳಿಸುವಾಗ ನಾವು ಕೊಡಬೇಕಾಗಿದ್ದದ್ದೇನು?

ಇಂಟರ್ನ್‌ಶಿಪ್ ಮಾಡುವ ಎಂಬಿಬಿಎಸ್ ವಿದ್ಯಾರ್ಥಿಗಳ ಬಾಯಲ್ಲಿ ‘ಪಿಎಸ್‌ಎಂ ಪೋಸ್ಟಿಂಗ್’ ಎಂದರೆ ಕೊಂಚ ಉಸಿರಾಡುವ ಕಾಲ. ಮೆಡಿಸಿನ್, ಸರ್ಜರಿ, ಹೆರಿಗೆ ವಾರ್ಡುಗಳಲ್ಲಿ ನಿದ್ದೆಗೆಟ್ಟು ಓಡಾಡಿದವರು ಸಮುದಾಯ ವೈದ್ಯಶಾಸ್ತ್ರ (ಪಿಎಸ್‌ಎಂ) ವಿಭಾಗದ ಸರದಿ ಬಂದಾಗ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾರೆ. ಬೆಳಿಗ್ಗೆ ಒಪಿಡಿಯಲ್ಲಿ ಕೂತು ಬಿಪಿ, ಶುಗರ್ ನೋಡುವುದು, ಗುರುವಾರ ಮಕ್ಕಳ ಲಸಿಕೆಗೆ ಕೈಜೋಡಿಸುವುದು, ಮಧ್ಯಾಹ್ನದ ಹೊತ್ತಿಗೆ ನೀಟ್ ಪಿಜಿ ಪರೀಕ್ಷೆಯ ಪುಸ್ತಕ ತೆರೆಯುವುದು ಬಹುತೇಕ ಕಡೆ ರೂಢಿಯಾಗಿಬಿಟ್ಟಿತ್ತು. ಹಾಜರಿ ಪುಸ್ತಕದಲ್ಲಿ ಸಹಿ ಬಿದ್ದರೆ ಸಾಕು, ಹಳ್ಳಿಯ ಪಾಠ ಮುಗಿದಂತೆ.

ಕೋವಿಡ್ ಆ ರೂಢಿಯನ್ನು ಬುಡಮೇಲು ಮಾಡಿತು. ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ಕಲಬುರಗಿಯಿಂದ, 2020ರ ಮಾರ್ಚ್‌ನಲ್ಲಿ. ಮೊದಲ ಅಲೆಯಲ್ಲಿ ರೋಗ ಹೆಚ್ಚಾಗಿ ನಗರಗಳನ್ನು ಕಾಡಿತು. ಎರಡನೆಯ ಅಲೆ ಹಾಗಿರಲಿಲ್ಲ. 2021ರ ಏಪ್ರಿಲ್ ಕೊನೆಯಲ್ಲಿ ರಾಜ್ಯದಲ್ಲಿ ಮತ್ತೆ ಲಾಕ್‌ಡೌನ್ ಆದಾಗ ಬೆಂಗಳೂರಿನಲ್ಲಿ ದುಡಿಯುತ್ತಿದ್ದವರು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳಿದರು. ಜ್ವರವೂ ಜೊತೆಗೆ ಬಂತು. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಹೊಸ ಪ್ರಕರಣಗಳು ದಾಖಲಾದವು. ಅದಕ್ಕೆ ಎರಡು ದಿನ ಮುಂಚೆ, ಮೇ 3ರಂದು, ಕೇಂದ್ರ ಸರ್ಕಾರ ಒಂದು ತೀರ್ಮಾನ ಪ್ರಕಟಿಸಿತ್ತು: ಇಂಟರ್ನ್‌ಗಳನ್ನು ಬೋಧಕರ ಮೇಲ್ವಿಚಾರಣೆಯಲ್ಲಿ ಕೋವಿಡ್ ಕೆಲಸಕ್ಕೆ ಹಚ್ಚಬಹುದು, ಅಂತಿಮ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ದೂರವಾಣಿ ಸಲಹೆಗೆ, ಸೌಮ್ಯ ಲಕ್ಷಣದ ರೋಗಿಗಳ ನಿಗಾಕ್ಕೆ ಬಳಸಬಹುದು. ಅದೇ ತಿಂಗಳು ರಾಜ್ಯ ಸರ್ಕಾರ ‘ವೈದ್ಯರ ನಡೆ ಹಳ್ಳಿ ಕಡೆ’ ಎಂಬ ಕಾರ್ಯಕ್ರಮ ಹಾಕಿಕೊಂಡು, ಎಳೆಯ ವೈದ್ಯರನ್ನೂ ವಿದ್ಯಾರ್ಥಿಗಳನ್ನೂ ಒಳಗೊಂಡ ತಂಡಗಳನ್ನು ವಾಹನದಲ್ಲಿ ಹಳ್ಳಿಗಳಿಗೆ ಕಳಿಸಿತು.

ಹೀಗೆ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ ಹುಡುಗಿಯರು ನೋಡನೋಡುತ್ತಿದ್ದಂತೆ ಹಳ್ಳಿಯ ಜನರಿಗೂ ಆ ಕಾಯಿಲೆಗೂ ನಡುವೆ ನಿಂತರು. ಅವರು ಅಲ್ಲಿ ಕಂಡದ್ದನ್ನು, ಪಟ್ಟ ಪಾಡನ್ನು ‘ಕೊರೊನಾ ವಾರಿಯರ್’ ಎಂಬ ಚಪ್ಪಾಳೆಯಲ್ಲಿ ಮುಗಿಸಿಬಿಟ್ಟರೆ ಅನ್ಯಾಯವಾಗುತ್ತದೆ. ವೈದ್ಯ ವಿದ್ಯಾರ್ಥಿ ಹಳ್ಳಿಯಲ್ಲಿ ಕಲಿಯಬೇಕೆಂದು ನಾವು ಎಪ್ಪತ್ತೈದು ವರ್ಷದಿಂದ ಆಡುತ್ತಾ ಬಂದ ಮಾತಿಗೆ ಅಲ್ಲಿ ನಿಜವಾದ ಪರೀಕ್ಷೆ ನಡೆಯಿತು.

ಅಂಗಳದಲ್ಲಿ ಆರು ನಿಮಿಷ

ಆ ದಿನಗಳ ಒಂದು ಮನೆಭೇಟಿಯನ್ನು ಹತ್ತಿರದಿಂದ ನೋಡಿದರೆ ಕಲಿಕೆ ಹೇಗೆ ನಡೆಯಿತೆಂಬುದು ಅರ್ಥವಾಗುತ್ತದೆ. ಆಶಾ ಕಾರ್ಯಕರ್ತೆ ಮುಂದೆ, ಇಂಟರ್ನ್ ಹಿಂದೆ. ಯಾವ ಮನೆಯಲ್ಲಿ ಯಾರಿಗೆ ಜ್ವರ, ಯಾರು ಬೆಂಗಳೂರಿನಿಂದ ಬಂದವರು, ಯಾರ ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿ ಇದ್ದಾರೆ ಎಂಬುದೆಲ್ಲ ಆಶಾ ಅಕ್ಕನ ನಾಲಗೆಯ ತುದಿಯಲ್ಲಿರುತ್ತಿತ್ತು. ಬಾಗಿಲು ತೆರೆಯುವುದೂ ಅವರ ದನಿಗೇ. ಪಿಪಿಇ ತೊಟ್ಟ ಅಪರಿಚಿತರನ್ನು ಕಂಡರೆ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವ ಜನರಿದ್ದರು. ಟೆಸ್ಟ್ ಮಾಡಿಸಿದರೆ ಎತ್ತಿಕೊಂಡು ಹೋಗುತ್ತಾರೆ, ಹೋದವರು ಮರಳುವುದಿಲ್ಲ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ತಂಡಕ್ಕಿಂತ ಮೊದಲೇ ಊರು ಸೇರಿರುತ್ತಿತ್ತು.

“ನಂಗೇನೂ ಆಗಿಲ್ಲ ಕಣಮ್ಮ, ಬರೀ ಮೈಕೈ ನೋವು” ಎನ್ನುವ ನಡುವಯಸ್ಸಿನ ರೈತ. “ಆಗಲಿ ಅಣ್ಣ, ಬೆರಳೊಂದು ಕೊಡಿ” ಎನ್ನುವ ಇಂಟರ್ನ್. ಇಂಥ ಮಾತುಕತೆ ಸಾವಿರಾರು ಅಂಗಳಗಳಲ್ಲಿ ನಡೆದಿರಬೇಕು. ಬಟ್ಟೆ ಒಣಗಿಸುವ ಕ್ಲಿಪ್ಪಿನಂಥ ಆ ಆಕ್ಸಿಮೀಟರ್ ಬೆರಳಿಗೆ ಹಾಕುವುದರಲ್ಲೂ ಕಲಿಯುವುದಿತ್ತು. ಉಗುರಿನ ಮೇಲೆ ಬಣ್ಣವಿದ್ದರೆ, ಬೆರಳು ತಣ್ಣಗಿದ್ದರೆ ಅಂಕಿ ಸರಿಯಾಗಿ ಬರುವುದಿಲ್ಲ. ಹೊಲದಿಂದ ಬಂದ ಕೈ ತೊಳೆಸಿ, ಉಜ್ಜಿ ಬೆಚ್ಚಗಾಗಿಸಿ, ಅಂಕಿ ಒಂದು ಕಡೆ ನಿಲ್ಲುವವರೆಗೆ ಕಾಯಬೇಕು. 96 ತೋರಿಸಿತು ಎಂದ ಮಾತ್ರಕ್ಕೆ ಹೊರಡುವಂತಿಲ್ಲ. ಅಂಗಳದಲ್ಲೇ ಆರು ನಿಮಿಷ ನಡೆಸಿ ಮತ್ತೆ ನೋಡಬೇಕು. ಕೋವಿಡ್‌ನಲ್ಲಿ ದಮ್ಮು ಕಟ್ಟುವ ಮೊದಲೇ ರಕ್ತದಲ್ಲಿ ಆಮ್ಲಜನಕ ಕುಸಿಯುತ್ತಿತ್ತು. ಕೂತಾಗ ಸರಿಯಿದ್ದ ಅಂಕಿ ನಡೆದಾಗ 94ಕ್ಕಿಂತ ಕೆಳಗಿಳಿದರೆ ಅದು ಆಸ್ಪತ್ರೆಗೆ ಕಳಿಸಬೇಕೆಂಬ ಸೂಚನೆ.

ಈಗ ಅಸಲಿ ಕಷ್ಟ ಶುರು. ರೋಗಿಗೆ ಆಯಾಸವಿಲ್ಲ. ಹಟ್ಟಿಯಲ್ಲಿ ಎರಡು ಹಸು ಇವೆ, ಹಾಲು ಕರೆಯುವವರಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಹಾಸಿಗೆ ಇದೆಯೋ ಇಲ್ಲವೋ ಎಂದು ಫೋನ್ ಮಾಡಿ ತಿಳಿಯಬೇಕು. 108 ಆಂಬುಲೆನ್ಸ್ ಬರುವವರೆಗೆ ರೋಗಿಯನ್ನು ಕವುಚಿ ಮಲಗಿಸಬೇಕು. ಹಾಗೆ ಮಲಗಿದರೆ ಬೆನ್ನಿನ ಕಡೆಯ ಶ್ವಾಸಕೋಶದ ಭಾಗ ಚೆನ್ನಾಗಿ ಅರಳಿ ಆಮ್ಲಜನಕ ಕೊಂಚ ಏರುತ್ತದೆ ಎಂದು ಮನೆಯವರಿಗೆ ಅರ್ಥವಾಗುವಂತೆ ಹೇಳಬೇಕು. ದೊಡ್ಡಾಸ್ಪತ್ರೆಯ ವಾರ್ಡಿನಲ್ಲಾದರೆ ಇಂಟರ್ನ್‌ಗೆ ರಕ್ತ ತೆಗೆಯುವುದು, ರಿಪೋರ್ಟ್ ತರುವುದು, ಕೇಸ್ ಶೀಟ್ ಬರೆಯುವುದೇ ಮುಖ್ಯ ಕೆಲಸ. ತೀರ್ಮಾನ ಮೇಲಿನವರದು. ಇಲ್ಲಿ ತೀರ್ಮಾನದ ಭಾರ ಮೊದಲ ಬಾರಿಗೆ ಅವರ ಹೆಗಲೇರಿತು. ರೋಗ, ರೋಗಿಯ ಬದುಕು, ವ್ಯವಸ್ಥೆಯ ಮಿತಿ ಮೂರನ್ನೂ ಒಟ್ಟಿಗೆ ತೂಗಿ ನೋಡುವ ಈ ವಿದ್ಯೆಯನ್ನು ಕಾಲೇಜಿನ ಗೋಡೆಯೊಳಗೆ ಕಲಿಸುವುದು ಬಹಳ ಕಷ್ಟ.

ಚೀಲ ಬಿಚ್ಚುವ ಕ್ರಮ

ನರ್ಸಿಂಗ್ ವಿದ್ಯಾರ್ಥಿಗಳ ಅನುಭವ ಇನ್ನೊಂದು ಬಗೆಯದು. ಜಿಎನ್‌ಎಂ ಇರಲಿ, ಬಿಎಸ್ಸಿ ನರ್ಸಿಂಗ್ ಇರಲಿ, ಸಮುದಾಯ ಆರೋಗ್ಯದ ಪೋಸ್ಟಿಂಗ್‌ನಲ್ಲಿ ಅವರಿಗೆ ಮೊದಲು ಹೇಳಿಕೊಡುವುದು ಮನೆಭೇಟಿಯ ಚೀಲ ಬಳಸುವ ಕ್ರಮ. ಮನೆಯಲ್ಲಿ ಶುಚಿಯಾದ ಜಾಗ ಹುಡುಕಿ ಹಳೆಯ ಪತ್ರಿಕೆ ಹಾಸಬೇಕು. ಅದರ ಮೇಲೆ ಚೀಲ ಇಡಬೇಕು. ಮೊದಲು ಸೋಪು, ಟವೆಲ್ ಮಾತ್ರ ತೆಗೆದು ಕೈ ತೊಳೆಯಬೇಕು. ಆಮೇಲೆಯೇ ಏಪ್ರನ್, ಥರ್ಮಾಮೀಟರ್, ಮೂತ್ರ ಪರೀಕ್ಷೆಯ ನಳಿಕೆ, ಸ್ಪಿರಿಟ್ ದೀಪ. ಕೆಲಸ ಮುಗಿದ ಮೇಲೆ ಎಲ್ಲವನ್ನೂ ಒರೆಸಿ, ಮತ್ತೆ ಕೈ ತೊಳೆದು, ಪತ್ರಿಕೆಯನ್ನು ಒಳಮುಖವಾಗಿ ಮಡಚಬೇಕು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಒಂದು ಹೆಜ್ಜೆ ತಪ್ಪಿದರೂ ಅಂಕ ಹೋಗುತ್ತದೆ.

ಈ ಕ್ರಮವನ್ನು ಹಳೇ ಕಾಲದ ಶಾಸ್ತ್ರವೆಂದು ಬೇಸರಿಸಿಕೊಂಡು ಕಲಿತವರೇ ಹೆಚ್ಚು. ಒಂದು ಮನೆಯ ಸೋಂಕು ಇನ್ನೊಂದು ಮನೆಗೆ ದಾದಿಯ ಕೈಯಿಂದ ಹೋಗಬಾರದು ಎಂಬುದೇ ಅದರ ತಿರುಳು. ಕೋವಿಡ್ ಬಂದಾಗ ಆ ತಿರುಳಿಗೆ ಜೀವ ಬಂತು. ಗಂಟಲ ದ್ರವ ತೆಗೆಯುವ ಮೇಜನ್ನು ಬಯಲಿನಲ್ಲಿ ಎಲ್ಲಿ ಹಾಕಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಸಾಲು ಹೇಗೆ ನಿಲ್ಲಬೇಕು, ತೊಟ್ಟ ಕವಚವನ್ನು ಬಿಚ್ಚುವಾಗ ಯಾವುದು ಮೊದಲು ಯಾವುದು ಕೊನೆಗೆ ಎಂಬುದೆಲ್ಲ ಅದೇ ಚೀಲದ ಪಾಠದ ಮುಂದುವರಿಕೆ. ಮೇ ತಿಂಗಳ ಬಿಸಿಲಲ್ಲಿ ಪಿಪಿಇ ಒಳಗೆ ಬೆವರು ಹರಿಯುತ್ತಿರುವಾಗ, ನೀರು ಕುಡಿಯಲು, ಶೌಚಕ್ಕೆ ಹೋಗಲು ಆಗದಿರುವಾಗ ಈ ಕ್ರಮ ಬಿಡದೆ ನಡೆದುಕೊಳ್ಳುವುದು ಸಣ್ಣ ಮಾತಲ್ಲ. ಮುಟ್ಟಿನ ದಿನಗಳಲ್ಲಿ ಹುಡುಗಿಯರ ಪಾಡು ಇನ್ನೂ ಹೆಚ್ಚಿನದು. ಅದನ್ನು ಯಾವ ಸುತ್ತೋಲೆಯೂ ಗಟ್ಟಿಯಾಗಿ ಹೇಳಲಿಲ್ಲ.

ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲಿ ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದ ಮಕ್ಕಳು ಬಹಳ. ವಾರ್ಡಿನಲ್ಲಿ ಅರೆಬರೆ ಕನ್ನಡದಲ್ಲಿ ಹೇಗೋ ನಡೆಯುತ್ತದೆ. ಬಾಯಿ, ಮೂಗು ಮುಚ್ಚಿಕೊಂಡು, ಹೆದರಿದ ಅಜ್ಜನಿಗೆ ಆರಡಿ ದೂರದಿಂದ ಧೈರ್ಯ ಹೇಳಬೇಕಾದಾಗ ನಡೆಯುವುದಿಲ್ಲ. ಊರಿಗೆ ಮರಳಲು ಬಸ್ಸು, ರೈಲು ಇಲ್ಲದೆ ಹಾಸ್ಟೆಲಿನಲ್ಲಿ ಉಳಿದ ಈ ಮಕ್ಕಳು ಆಶಾ ಅಕ್ಕಂದಿರ ಪಕ್ಕ ನಿಂತು ಕನ್ನಡ ಕಲಿತರು. ಯಾವ ಭಾಷಾ ತರಗತಿಯೂ ಅಷ್ಟು ಬೇಗ ಕಲಿಸಲಾರದು.

ಎಲ್ಲ ಜ್ವರವೂ ಕೋವಿಡ್ ಅಲ್ಲ

ಮಲೆನಾಡಿಗೆ ಹೋದವರಿಗೆ ಸವಾಲು ಇನ್ನೂ ಸೂಕ್ಷ್ಮ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು ಕಾಣಿಸುತ್ತದೆ. 2020ರಲ್ಲೂ ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳಲ್ಲಿ ಅದು ಜೀವ ತೆಗೆದಿತ್ತು. ಜ್ವರ, ತಲೆನೋವು, ಮೈಕೈ ನೋವು ಎರಡರಲ್ಲೂ ಇವೆ. ಕೋವಿಡ್ ಟೆಸ್ಟ್ ನೆಗೆಟಿವ್ ಬಂತೆಂದು ಮನೆಗೆ ಕಳಿಸಿದವರಿಗೆ ಮಂಗನ ಕಾಯಿಲೆಯೋ ಡೆಂಗಿಯೋ ಇರಬಹುದು. ಕಾಡಿಗೆ ದರಕು ತರಲು ಹೋಗಿದ್ದಿರಾ, ಸುತ್ತಮುತ್ತ ಮಂಗ ಸತ್ತದ್ದು ಕಂಡಿರಾ, ಮೈಮೇಲೆ ಉಣುಗು ಹತ್ತಿತ್ತೇ ಎಂದು ಕೇಳುವುದನ್ನು ಅಲ್ಲಿನ ಆರೋಗ್ಯ ಸಹಾಯಕರಿಂದಲೇ ಕಲಿಯಬೇಕು. ನಗರದಲ್ಲಿ ಬರೆದ ಕೋವಿಡ್ ಮಾರ್ಗಸೂಚಿಯಲ್ಲಿ ಈ ಪ್ರಶ್ನೆಗಳು ಇರುವುದಿಲ್ಲ.

ಇದರ ನಡುವೆ ಹಳ್ಳಿಯ ಉಳಿದ ಕಾಯಿಲೆಗಳೇನೂ ರಜೆ ಹಾಕಿರಲಿಲ್ಲ. ತಾಯಿ ಕಾರ್ಡ್ ಹಿಡಿದು ಬರುವ ಗರ್ಭಿಣಿಯರು, ಕ್ಷಯದ ಮಾತ್ರೆ ನಡುವೆ ನಿಲ್ಲಿಸಬಾರದವರು, ಬಿಪಿ ಮಾತ್ರೆ ಮುಗಿದವರು, ನಾಯಿ ಕಚ್ಚಿದವರು ಎಲ್ಲರೂ ಇದ್ದರು. ಸಿಬ್ಬಂದಿಯೆಲ್ಲ ಕೋವಿಡ್ ಕೆಲಸಕ್ಕೆ ಹೋದಾಗ ಇವರನ್ನು ನೋಡಿಕೊಳ್ಳುವ ಹೊಣೆ ಎಷ್ಟೋ ಕಡೆ ಇಂಟರ್ನ್‌ಗಳ ಮೇಲೆ ಬಿತ್ತು. ಸಾಂಕ್ರಾಮಿಕದ ಹೊತ್ತಿನಲ್ಲಿ ಜನ ಸಾಯುವುದು ಸಾಂಕ್ರಾಮಿಕದಿಂದ ಮಾತ್ರವಲ್ಲ ಎಂಬುದು ಅವರಿಗೆ ಕಣ್ಣೆದುರೇ ಮನದಟ್ಟಾಯಿತು.

ಚಿಕಿತ್ಸೆಯ ನಿಯಮಗಳೂ ಬದಲಾಗುತ್ತಲೇ ಇದ್ದವು. ಜೀವ ಉಳಿಸುತ್ತದೆಂದು ಊರೆಲ್ಲ ಹುಡುಕಾಡಿದ ಪ್ಲಾಸ್ಮಾ ಚಿಕಿತ್ಸೆಯನ್ನು 2021ರ ಮೇ 17ರಂದು ರಾಷ್ಟ್ರೀಯ ಮಾರ್ಗಸೂಚಿಯಿಂದ ಕೈಬಿಡಲಾಯಿತು. ಹೈಡ್ರಾಕ್ಸಿಕ್ಲೋರೊಕ್ವಿನ್, ಐವರ್‌ಮೆಕ್ಟಿನ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೊರಬಿದ್ದವು. ಆಮ್ಲಜನಕ ಕುಸಿದವರಿಗೆ ಪ್ರಾಣ ಉಳಿಸುವ ಸ್ಟಿರಾಯ್ಡ್ ಸೌಮ್ಯ ಲಕ್ಷಣದ ರೋಗಿಗೆ ಬೇಗನೆ ಕೊಟ್ಟರೆ ಕೇಡು ಮಾಡುತ್ತದೆ ಎಂಬುದು ಕಪ್ಪು ಶಿಲೀಂಧ್ರದ ರೂಪದಲ್ಲಿ ಕಣ್ಣಿಗೆ ರಾಚಿತು. ನಿನ್ನೆ ಹೇಳಿದ್ದನ್ನು ಇಂದು ತಿದ್ದಿ ಹೇಳುವುದು ವಿಜ್ಞಾನದ ದೌರ್ಬಲ್ಯವಲ್ಲ, ಅದರ ಸ್ವಭಾವ ಎಂದು ಹಳ್ಳಿಯವರಿಗೆ ವಿವರಿಸುವ ಕೆಲಸವೂ ಇವರ ಪಾಲಿಗೇ ಬಂತು. ಚಾಮರಾಜನಗರದ ಸೋಲಿಗರ ಪೋಡುಗಳಲ್ಲಿ, ಕಲ್ಯಾಣ ಕರ್ನಾಟಕದ ತಾಂಡಾಗಳಲ್ಲಿ ಲಸಿಕೆಗೆ ಹಿಂಜರಿದವರನ್ನು ಒಲಿಸಲು ಅಂಕಿ ಅಂಶ ಸಾಕಾಗಲಿಲ್ಲ. ಊರ ಹಿರಿಯರ ಜೊತೆ ಕೂತು ಅವರ ಭಯವನ್ನು ಪೂರ್ತಿ ಕೇಳಿಸಿಕೊಂಡ ಕಡೆ ಕೆಲಸ ಆಯಿತು.

ಹಳೆಯ ಕನಸು

ವೈದ್ಯ ವಿದ್ಯಾರ್ಥಿ ಹಳ್ಳಿಯಲ್ಲಿ ಕಲಿಯಬೇಕೆಂಬುದು ಕೋವಿಡ್ ತಂದ ವಿಚಾರವಲ್ಲ. 1946ರಲ್ಲೇ ಭೋರ್ ಸಮಿತಿ ಪ್ರತಿ ವೈದ್ಯನಿಗೂ ಮೂರು ತಿಂಗಳ ರೋಗತಡೆ ಮತ್ತು ಸಾಮಾಜಿಕ ವೈದ್ಯದ ತರಬೇತಿ ಬೇಕೆಂದು ಹೇಳಿತ್ತು. 1975ರ ಶ್ರೀವಾಸ್ತವ ಸಮಿತಿಯ ವರದಿಯ ಬೆನ್ನಿಗೆ 1977ರಲ್ಲಿ ವೈದ್ಯಕೀಯ ಕಾಲೇಜುಗಳನ್ನು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಜೋಡಿಸುವ ‘ರೋಮ್’ ಯೋಜನೆ ಬಂತು. ಕರ್ನಾಟಕದಲ್ಲಿ ಇದಕ್ಕೂ ಮುಂಚಿನ, ಆಮೇಲಿನ ಉದಾಹರಣೆಗಳಿವೆ. ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ 1973ರಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘವೂ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜೂ ಸೇರಿ ಆರೋಗ್ಯ ಸಹಕಾರವೊಂದನ್ನು ಕಟ್ಟಿದವು; ಹಾಲಿನ ಹಣದಿಂದಲೇ ಊರಿನ ಆರೋಗ್ಯ ನಡೆಯುವ ಪ್ರಯೋಗ ಅದು. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೆಗ್ಗಡದೇವನಕೋಟೆಯ ಕಾಡಂಚಿನ ಆದಿವಾಸಿಗಳ ನಡುವೆ ಆಸ್ಪತ್ರೆ, ಶಾಲೆ ಕಟ್ಟುವಷ್ಟು ಬೆಳೆಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಎಷ್ಟೋ ಎಳೆಯ ವೈದ್ಯರಿಗೆ ಪಾಠಶಾಲೆಯಾಯಿತು.

ಈ ಎಲ್ಲ ಕಡೆ ಕಾಣುವ ಒಂದು ಸಮಾನ ಸಂಗತಿಯೆಂದರೆ, ಹಳ್ಳಿಯಲ್ಲಿ ಬೇರೂರಿದ ಹಿರಿಯರೊಬ್ಬರ ಕೈಕೆಳಗೆ ಎಳೆಯರು ಕೆಲಸ ಮಾಡಿದರು. ತಪ್ಪಿದಾಗ ತಿದ್ದುವವರು, ದಿಕ್ಕು ತೋಚದಾಗ ಕೇಳಲು ಸಿಗುವವರು ಅಲ್ಲಿದ್ದರು. ಉಳಿದೆಡೆ ಯೋಜನೆ ಕಾಗದದಲ್ಲಿ ಉಳಿಯಿತು, ವಿದ್ಯಾರ್ಥಿಗಳನ್ನು ತುಂಬಿಕೊಂಡ ಕಾಲೇಜು ಬಸ್ಸು ಬೆಳಿಗ್ಗೆ ಹೋಗಿ ಮಧ್ಯಾಹ್ನ ಮರಳಿತು.

ಕಲಿಕೆಯೋ, ಕೂಲಿಯೋ

ತಿದ್ದುವ ಹಿರಿಯರು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಸಾಂಕ್ರಾಮಿಕದ ಹೊತ್ತಿನಲ್ಲಿ ಎದ್ದು ಕಂಡಿತು. ಕೇಂದ್ರ ಸರ್ಕಾರದ ಮೇ 3ರ ತೀರ್ಮಾನದಲ್ಲಿ ‘ಬೋಧಕರ ಮೇಲ್ವಿಚಾರಣೆಯಲ್ಲಿ’ ಎಂಬ ಮಾತಿತ್ತು, ಕೋವಿಡ್ ಕೆಲಸಕ್ಕೆ ಬಂದವರಿಗೆ ಲಸಿಕೆ, ವಿಮೆಯ ಭರವಸೆ ಇತ್ತು, ನೂರು ದಿನ ದುಡಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಆದ್ಯತೆಯ ಮಾತೂ ಇತ್ತು. ಆದರೆ ಬೋಧಕರಲ್ಲೇ ಹಲವರು ಕಾಯಿಲೆ ಬಿದ್ದಿದ್ದರು, ಉಳಿದವರು ಐಸಿಯುಗಳಲ್ಲಿ ಮುಳುಗಿದ್ದರು. ಪ್ರಾಥಮಿಕ ಆರೋಗ್ಯ ಕೇಂದ್ರವೊಂದಕ್ಕೆ ಬಯಲುಸೀಮೆಯಲ್ಲಿ ಮೂವತ್ತು ಸಾವಿರ, ಗುಡ್ಡಗಾಡಿನಲ್ಲಿ ಇಪ್ಪತ್ತು ಸಾವಿರ ಜನ ಎಂಬುದು ಲೆಕ್ಕ. ಅಷ್ಟೂ ಜನರ ಟೆಸ್ಟು, ನಿಗಾ, ಲಸಿಕೆ, ವರದಿಗಳ ನಡುವೆ ಒಬ್ಬರೇ ವೈದ್ಯಾಧಿಕಾರಿ ಇಂಟರ್ನ್‌ಗೆ ಪಾಠ ಹೇಳಲು ಯಾವಾಗ ಕೂರಬೇಕು? ಎಷ್ಟೋ ಕಡೆ ವಿದ್ಯಾರ್ಥಿಗಳು ದಿನವಿಡೀ ಮೂಗಿಗೆ ಕಡ್ಡಿ ಹಾಕಿದರು, ರಾತ್ರಿ ಪೋರ್ಟಲ್‌ಗೆ ಹೆಸರು ತುಂಬಿದರು. ನೆಟ್‌ವರ್ಕ್ ಸಿಗುವ ದಿಬ್ಬ ಹುಡುಕಿದರು. ಅದರಲ್ಲಿ ಸೇವೆ ಇತ್ತು, ದಣಿವು ಇತ್ತು. ಕಲಿಕೆ ಕಡಿಮೆ ಇತ್ತು.

ಹಣದ ವಿಷಯ ಮಾತಾಡಲು ಸಂಕೋಚಪಡಬೇಕಿಲ್ಲ. 2020ರಲ್ಲಿ ರಾಜ್ಯ ಸರ್ಕಾರ ಇಂಟರ್ನ್‌ಗಳ ಸ್ಟೈಪೆಂಡ್ ಅನ್ನು ತಿಂಗಳಿಗೆ 20,000 ರೂಪಾಯಿಯಿಂದ 30,000ಕ್ಕೆ ಏರಿಸಿತು. ಅದೇ ವರ್ಷ ದಾವಣಗೆರೆಯಲ್ಲಿ ತಿಂಗಳುಗಟ್ಟಲೆ ಸ್ಟೈಪೆಂಡ್ ಸಿಗದ ವೈದ್ಯ ವಿದ್ಯಾರ್ಥಿಗಳು ಬೀದಿಗಿಳಿಯಬೇಕಾಯಿತು. ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದರು. ಹಳ್ಳಿಯ ದಾರಿಯಲ್ಲಿ ಮುಂದೆ ನಡೆದ ಆಶಾ ಅಕ್ಕನೂ ಹಿಂದೆ ನಡೆದ ಇಂಟರ್ನ್ ಕೂಡ ತಮ್ಮ ದುಡಿಮೆಯ ಹಣಕ್ಕೆ ಕೂಗಬೇಕಾಗಿ ಬಂದದ್ದು ನಮ್ಮ ಸಮಾಜಕ್ಕೆ ಗೌರವದ ಸಂಗತಿಯಲ್ಲ.

ಮನಸ್ಸಿನ ಪೆಟ್ಟಿನ ಲೆಕ್ಕವನ್ನಂತೂ ಯಾರೂ ಇಡಲಿಲ್ಲ. 2021ರ ಮೇ 2, 3ರಂದು ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ತೀರಿಕೊಂಡ ಸುದ್ದಿ ರಾಜ್ಯದ ಪ್ರತಿ ಆರೋಗ್ಯ ಕೇಂದ್ರದಲ್ಲೂ ನಡುಕ ಹುಟ್ಟಿಸಿತು. ಆಮ್ಲಜನಕ ಬೇಕಾದ ರೋಗಿಯನ್ನು ಮೇಲಿನ ಆಸ್ಪತ್ರೆಗೆ ಕಳಿಸುವುದೇ ತನ್ನ ದೊಡ್ಡ ಕರ್ತವ್ಯ ಎಂದು ಕಲಿತ ಎಳೆಯ ವೈದ್ಯೆಗೆ, ಮೇಲೆ ಆಮ್ಲಜನಕವೇ ಇಲ್ಲದಿರಬಹುದು ಎಂದು ತಿಳಿದಾಗ ಆಗುವ ಸಂಕಟ ಎಂಥದು? ತನ್ನಿಂದ ಅಪ್ಪ ಅಮ್ಮನಿಗೆ ಅಂಟೀತೆಂಬ ಹೆದರಿಕೆಯಲ್ಲಿ ತಿಂಗಳುಗಟ್ಟಲೆ ಮನೆಗೆ ಹೋಗದವರು, ಮೊದಲ ಬಾರಿ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳಬೇಕಾಗಿ ಬಂದವರು ಇದ್ದರು. ಅವರನ್ನು ಕೂರಿಸಿಕೊಂಡು “ಏನಪ್ಪಾ, ಹೇಗಿದ್ದೀಯ?” ಎಂದು ಕೇಳುವ ವ್ಯವಸ್ಥೆ ಬಹಳ ಕಡೆ ಇರಲಿಲ್ಲ.

ಮುಂದಿನ ಸಲಕ್ಕೆ

ಕೆಲವು ಒಳ್ಳೆಯ ಬದಲಾವಣೆಗಳು ಆಗಿವೆ. ಹೊಸ ನಿಯಮದಲ್ಲಿ ಇಂಟರ್ನ್‌ಶಿಪ್‌ನ ಸಮುದಾಯ ವೈದ್ಯದ ಅವಧಿ ಎರಡು ತಿಂಗಳಿಂದ ಹನ್ನೆರಡು ವಾರಕ್ಕೆ ಏರಿದೆ. 2021–22ರ ತಂಡದಿಂದ ಕುಟುಂಬ ದತ್ತು ಕಾರ್ಯಕ್ರಮ ಬಂದಿದೆ. ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯವನ್ನು ಹಿಂಬಾಲಿಸಿ ನೋಡಬೇಕು. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು ನಮ್ಮ ರಾಜ್ಯದ 2012ರ ಕಾಯ್ದೆಯೂ ಹೇಳಿತ್ತು. ಕಾಯ್ದೆಯಿಂದ ಕಾಲು ಹಳ್ಳಿಗೆ ಹೋಗುತ್ತದೆ. ಮನಸ್ಸೂ ಹೋಗಬೇಕಾದರೆ ಇನ್ನಷ್ಟು ಬೇಕು.

ಮೊದಲನೆಯದು, ಕಲಿಸುವ ಹಳ್ಳಿ ಕೇಂದ್ರಕ್ಕೆ ಕಲಿಸುವ ವೈದ್ಯರು ಬೇಕು. ವಿದ್ಯಾರ್ಥಿಗಳನ್ನು ಕಳಿಸುವ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೋಧನೆಗೆಂದೇ ಸಮಯ ಮೀಸಲಿಟ್ಟ, ಅದಕ್ಕೆ ಸಂಬಳ ಪಡೆಯುವ ಹಿರಿಯರೊಬ್ಬರಿರಲಿ. ತುರ್ತಿನಲ್ಲಿ ಅವರೂ ಇಲ್ಲದಿದ್ದರೆ ಹಗಲು ರಾತ್ರಿ ಫೋನಿಗೆ ಸಿಗುವ ತಜ್ಞರಿರಲಿ. ಎರಡನೆಯದು, ಆಶಾ ಕಾರ್ಯಕರ್ತೆ, ಆರೋಗ್ಯ ಸುರಕ್ಷಾಧಿಕಾರಿಗಳನ್ನೂ ಗುರುಗಳೆಂದು ಒಪ್ಪಿಕೊಳ್ಳೋಣ. ವಿದ್ಯಾರ್ಥಿಯ ಮೌಲ್ಯಮಾಪನದಲ್ಲಿ ಅವರ ಮಾತಿಗೂ ಅಂಕವಿರಲಿ, ಕಲಿಸಿದ್ದಕ್ಕೆ ಅವರಿಗೂ ಗೌರವಧನ ಸಿಗಲಿ. ಮೂರನೆಯದು, ಉಳಿಯಲು ಬೀಗ ಹಾಕಬಹುದಾದ ಕೋಣೆ, ನೀರಿರುವ ಶೌಚಾಲಯ, ರಾತ್ರಿ ಓಡಾಡಲು ವಾಹನ. ಇವಿಲ್ಲದೆ ಹೆಣ್ಣುಮಕ್ಕಳನ್ನು ಹಳ್ಳಿಗೆ ಕಳಿಸಿ ‘ಹಳ್ಳಿಯಲ್ಲಿ ಉಳಿಯಲು ಒಪ್ಪುವುದಿಲ್ಲ’ ಎಂದು ದೂರುವುದು ಸರಿಯಲ್ಲ. ನಾಲ್ಕನೆಯದು, ಸ್ಟೈಪೆಂಡ್ ತಿಂಗಳು ತಿಂಗಳು ಕೈಸೇರಲಿ. ವಿಮೆ, ಲಸಿಕೆ, ರಕ್ಷಾಕವಚ ಕೆಲಸಕ್ಕೆ ಹೊರಡುವ ಮೊದಲೇ ಸಿಗಲಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಈ ಸಿದ್ಧತೆ ಸಾಂಕ್ರಾಮಿಕ ಇಲ್ಲದ ದಿನಗಳಲ್ಲೇ ಆಗಬೇಕು. ಗಂಡಾಂತರ ಬಂದಾಗ ವಿದ್ಯಾರ್ಥಿಗಳನ್ನು ಕರೆಯುವುದು ಸುಲಭ, ಅವರು ಬರುತ್ತಾರೆ. ಕೋವಿಡ್‌ನಲ್ಲಿ ಬಂದು ತೋರಿಸಿದ್ದಾರೆ. ಕರೆಯುವ ಹಕ್ಕು ನಮಗಿರಬೇಕಾದರೆ ಕಲಿಸುವ ಹೊಣೆಯನ್ನೂ ಹೊರಬೇಕು. ಮುಂದಿನ ಸಾಂಕ್ರಾಮಿಕದಲ್ಲಿ ಹಳ್ಳಿಯ ಮನೆ ಬಾಗಿಲು ತಟ್ಟುವವರು ಈಗ ಹೈಸ್ಕೂಲಿನಲ್ಲೋ ಪಿಯುಸಿಯಲ್ಲೋ ಓದುತ್ತಿದ್ದಾರೆ. ಅವರಿಗೆ ಕಲಿಸಬೇಕಾದ ಹಿರಿಯರನ್ನು ಆ ಹಳ್ಳಿಗಳಲ್ಲಿ ನೆಲೆಗೊಳಿಸುವ ಕೆಲಸ ಇಂದಿನ ಸರ್ಕಾರದ್ದು, ಇಂದಿನ ಕಾಲೇಜುಗಳದ್ದು, ಅದನ್ನು ಕೇಳಿ ಪಡೆಯಬೇಕಾದ ನಮ್ಮೆಲ್ಲರದ್ದು.